ನಾನು ಹೇಳದ ಒಂದು ಹೆಸರು

ಟೀವಿ ಚರ್ಚೆಗಳಲ್ಲಿ ನನ್ನನ್ನು ಪರಿಚಯಿಸುವವರು ಕೆಲವು ವರ್ಷಗಳಿಂದ ನನ್ನ ಹೆಸರಿಗೆ ‘ವಿವಾದಾತ್ಮಕ’ ಎಂಬ ಪದವನ್ನು ಸೇರಿಸುತ್ತಾರೆ. ವಿವಾದಾತ್ಮಕ ರಕ್ಷಣಾ ವಿಶ್ಲೇಷಕಿ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಅದನ್ನು ಮರೆತರೆ ನಾನೇ ನೆನಪಿಸುತ್ತೇನೆ. ಆ ಪದ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ನಾನು ಹುಟ್ಟಿ ಬೆಳೆದದ್ದು ವಡೋದರಾದ ಮಂಜಲ್‌ಪುರದಲ್ಲಿ. ಅಪ್ಪ ಉಡುಪಿಯ ಹತ್ತಿರದ ಊರಿನಿಂದ ಹರೆಯದಲ್ಲೇ ಬಂದು, ಹತ್ತು ವರ್ಷ ಬೇರೆಯವರ ಅಡುಗೆಮನೆಯಲ್ಲಿ ದುಡಿದು, ಕೊನೆಗೆ ಮಕರಪುರದ ಕಾರ್ಖಾನೆಗಳ ರಸ್ತೆಯಲ್ಲಿ ಸ್ವಂತ ಹೋಟೆಲು ತೆರೆದರು. ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜಿಗೆ ಗಿರಾಕಿಗಳು ಕೂರಲು ಒಪ್ಪುತ್ತಿರಲಿಲ್ಲ. ಹಾಗಾಗಿ ಅದು ನನ್ನ ಓದಿನ ಮೇಜಾಯಿತು. ಕಾರ್ಖಾನೆಯವರಷ್ಟೇ ಅಲ್ಲ, ವಾಯುಪಡೆಯ ನಿಲ್ದಾಣದ ಹುಡುಗರೂ ದೋಸೆ ತಿನ್ನಲು ಬರುತ್ತಿದ್ದರು. ಅವರಲ್ಲಿ ಧಾರವಾಡ ಕಡೆಯ ಒಬ್ಬ ಸಾರ್ಜೆಂಟ್, ಕನ್ನಡ ಮಾತಾಡುವ ಆಸೆಗೆ ನನ್ನ ಎದುರು ಕೂರುತ್ತಿದ್ದ. ಒಂದು ದಿನ ಬೇಸರದಲ್ಲಿದ್ದ. ಏನಾಯಿತು ಎಂದು ಕೇಳಿದೆ. ವಿಮಾನವೊಂದು ಹಾರದೆ ವಾರಗಟ್ಟಲೆ ನಿಂತಿದೆ, ಅಂಗೈಯಗಲದ ರಬ್ಬರ್ ಉಂಗುರವೊಂದು ಪರದೇಶದಿಂದ ಬಂದಿಲ್ಲ ಎಂದ. ನನಗಾಗ ಹನ್ನೆರಡೋ ಹದಿಮೂರೋ. ಪರೇಡಿನಲ್ಲಿ ಹಾರುವ ವಿಮಾನಗಳನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದ ನನಗೆ ಆ ಉಂಗುರ ತಲೆಯಿಂದ ಹೋಗಲೇ ಇಲ್ಲ.

ಎಂಜಿನಿಯರಿಂಗ್ ಓದಿದೆ. ಸೂರತ್ತಿನ ಹತ್ತಿರದ ಹಜೀರಾದ ಒಂದು ಭಾರೀ ಯಂತ್ರಗಳ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸ ಸಿಕ್ಕಿತು. ನಮ್ಮ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಹೆಲ್ಮೆಟ್ಟಿನೊಳಗೆ ಜಡೆ ತುರುಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ದೊಡ್ಡ ಉಕ್ಕಿನ ಪಾತ್ರೆಗಳೊಳಗೆ ತೆವಳಿ ಹೋಗಿ ಬೆಸುಗೆಯ ಗೆರೆಗಳನ್ನು ನೋಡುವುದು. ಅಲ್ಲಿ ಒಂದು ಅಭ್ಯಾಸ ಅಂಟಿಕೊಂಡಿತು. ಯಾವ ಯಂತ್ರದ ಮುಂದೆ ನಿಂತರೂ ಮೊದಲು ಅದರ ಹಿಂಬದಿಗೆ ಹೋಗಿ ಹೆಸರಿನ ಫಲಕ ಓದುವುದು. ಎಲ್ಲಿ ತಯಾರಾಯಿತು, ಅದನ್ನು ನಡೆಸುವ ಮಿದುಳು ಯಾರದು, ಕೆಟ್ಟರೆ ಯಾರನ್ನು ಕರೆಯಬೇಕು.

ಕಂಪೆನಿಯ ಕಾಲೊನಿಯಲ್ಲಿ ಸಂಜೆ ಹೊತ್ತು ಹೆಚ್ಚು ಮಾಡಲು ಕೆಲಸವಿರಲಿಲ್ಲ. ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಇನಿಷಿಯಲ್ ಮಾತ್ರ ಹಾಕಿ ರಕ್ಷಣೆಯ ಬಗ್ಗೆ ಬರೆಯತೊಡಗಿದೆ. ಓದುಗರ ಪತ್ರಗಳು ‘ಕರ್ನಲ್ ಸಾಹೇಬರೇ’ ಎಂದು ಶುರುವಾಗುತ್ತಿದ್ದವು. ಎರಡು ವರ್ಷ ನಾನು ಕರ್ನಲ್ ಆಗಿಯೇ ಇದ್ದೆ. ಪತ್ರಿಕೆಯವರು ಒಮ್ಮೆ ಫೋಟೋ, ಪರಿಚಯ ಕೇಳಿದರು, ಕಳಿಸಿದೆ. ಆಮೇಲೆ ಬಂದ ಪತ್ರಗಳ ಧಾಟಿಯೇ ಬದಲಾಯಿತು. ಕರ್ನಲ್ ಹೇಳಿದಾಗ ಒಪ್ಪಿದ್ದವರಿಗೆ ಅದೇ ಮಾತು ಹೋಟೆಲಿನವರ ಮಗಳು ಹೇಳಿದಾಗ ಉದ್ಧಟತನವಾಗಿ ಕಂಡಿತು. ಆವತ್ತಿನಿಂದ ಪೂರ್ತಿ ಹೆಸರು ಹಾಕಿಯೇ ಬರೆದೆ.

ಆ ಬರಹಗಳ ಬಲದಿಂದಲೇ ಅಹಮದಾಬಾದಿನ ಒಂದು ಖಾಸಗಿ ಸಂಸ್ಥೆ ನನ್ನನ್ನು ಪಾಠ ಮಾಡಲು ಕರೆಯಿತು. ವಿದೇಶಾಂಗ ನೀತಿ, ರಕ್ಷಣೆ, ಶಸ್ತ್ರಾಸ್ತ್ರ ಖರೀದಿ. ಕಾರ್ಖಾನೆ ಬಿಟ್ಟು ಹೋದೆ. ಅಪ್ಪನಿಗೆ ಬೇಸರವಾಗಿತ್ತು. ಉಕ್ಕಿನ ಕೆಲಸ ಕಣ್ಣಿಗೆ ಕಾಣುವಂಥದ್ದು, ಮಾತಿನ ಕೆಲಸಕ್ಕೆ ಏನು ಗ್ಯಾರಂಟಿ ಎಂಬುದು ಅವರ ಲೆಕ್ಕ. ಆದರೂ ಊರಿಂದ ಬಂದ ನೆಂಟರಿಗೆಲ್ಲ ಮಗಳು ಮಿಲಿಟರಿಯವರಿಗೆ ಪಾಠ ಮಾಡುತ್ತಾಳೆ ಎಂದು ಹೇಳಿಕೊಂಡು ತಿರುಗಿದರು. ಮಿಲಿಟರಿಯವರು ನನ್ನ ತರಗತಿಯಲ್ಲಿ ಇದ್ದದ್ದು ಇಬ್ಬರೋ ಮೂವರೋ.

ಉತ್ತರದ ಗಡಿಯಲ್ಲಿ ಘರ್ಷಣೆಯಾಗಿ ನಮ್ಮ ಸೈನಿಕರು ಸತ್ತಾಗ ನಾನು ಆ ಕೆಲಸದಲ್ಲಿ ಗಟ್ಟಿಯಾಗಿ ಬೇರೂರಿದ್ದೆ. ಜನ ಬೀದಿಯಲ್ಲಿ ಗಡಿಯಾಚೆಯ ದೇಶದಲ್ಲಿ ತಯಾರಾದ ಆಟಿಕೆ, ಟೀವಿಗಳನ್ನು ಒಡೆದರು. ಒಂದೆರಡು ಕಡೆ ಅಂಗಡಿಯವರಿಗೂ ಪೆಟ್ಟು ಬಿತ್ತು. ಆಟಿಕೆ ಒಡೆದರೆ ಗಡಿಯ ಆಚೆ ಯಾರಿಗೆ ನೋವಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ನಾವು ನಿಜವಾಗಿ ಎಷ್ಟು ಅವರ ಮೇಲೆ ನಿಂತಿದ್ದೇವೆ ಎಂದು ನೋಡಲು ಸೂರತ್ತಿಗೆ ಹೋದೆ. ಹಜೀರಾದ ದಿನಗಳಿಂದ ಅಲ್ಲಿ ಪರಿಚಯದವರಿದ್ದರು. ಒಬ್ಬರ ಮೂಲಕ ಕತಾರ್‌ಗಾಮ್ ಬಡಾವಣೆಯ ಕಸೂತಿ ಕಾರ್ಖಾನೆಯ ಮಾಲೀಕರೊಬ್ಬರು ಸಿಕ್ಕರು. ಸೌರಾಷ್ಟ್ರದಿಂದ ಬಂದು, ವಜ್ರ ಉಜ್ಜುವ ಕೆಲಸದಿಂದ ಶುರುಮಾಡಿ, ಸೀರೆಗೆ ಕಸೂತಿ ಹಾಕುವ ಯಂತ್ರಗಳನ್ನು ಕೊಂಡು ಮೇಲೆ ಬಂದವರು. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ.

ಉದ್ದನೆಯ ಹಾಲಿನಲ್ಲಿ ಯಂತ್ರಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಹತ್ತಾರು ಸೂಜಿಗಳು ಒಟ್ಟಿಗೆ ಏಳುತ್ತಾ ಬೀಳುತ್ತಾ ಇದ್ದವು. ನಾನು ಅಭ್ಯಾಸದಂತೆ ಹಿಂಬದಿಗೆ ಹೋದೆ. ಹೆಸರಿನ ಫಲಕ ಇರಬೇಕಾದ ಜಾಗದಲ್ಲಿ ತ್ರಿವರ್ಣದ ಸ್ಟಿಕ್ಕರ್ ಇತ್ತು. ಬೆರಳಾಡಿಸಿದರೆ ಸ್ಟಿಕ್ಕರಿನ ಕೆಳಗೆ ನಾಲ್ಕು ಸ್ಕ್ರೂ ತೂತುಗಳು ಸಿಕ್ಕವು. ಮಾಲೀಕರು ನನ್ನ ಕೈಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಮೇಜಿನ ಖಾನೆ ತೆರೆದು, ಕಿತ್ತಿಟ್ಟಿದ್ದ ಫಲಕಗಳನ್ನೆಲ್ಲ ತೋರಿಸಿದರು. ಎಲ್ಲವೂ ಆ ದೇಶದವು. ಯಂತ್ರ ಕೆಟ್ಟರೆ ಅಲ್ಲಿನ ಮೆಕ್ಯಾನಿಕ್ ಫೋನಿನ ಆಪ್‌ನಲ್ಲಿ ವಿಡಿಯೋ ನೋಡಿ ಹೇಳಿಕೊಡುತ್ತಿದ್ದನಂತೆ. ಸರಕಾರ ಆ ಆಪ್ ನಿಷೇಧಿಸಿದ ಮೇಲೆ ಎರಡು ಯಂತ್ರಗಳು ಮುಸುಕು ಹಾಕಿಕೊಂಡು ಕೂತಿದ್ದವು. ಯಾರಾದರೂ ಗುಂಪು ಕಟ್ಟಿಕೊಂಡು ಬಂದರೆ ಎಂಬ ಭಯಕ್ಕೆ ಫಲಕ ಕಿತ್ತಿದ್ದೆ ಎಂದರು. ಫೋಟೋ ತೆಗೆಯಲು ಬಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, ಗುಜರಾತಿಯಲ್ಲಿ ಅಕ್ಕ ಎಂದು ಕರೆದು, “ಬೆನ್, ನನ್ನ ಹೆಸರು ಎಲ್ಲೂ ಬರಬಾರದು. ಇಲ್ಲಿ ಇಷ್ಟು ಜನರ ಹೊಟ್ಟೆಪಾಡು ಇದೆ,” ಎಂದರು. ಬರುವುದಿಲ್ಲ ಎಂದು ಮಾತು ಕೊಟ್ಟೆ.

ಲೇಖನ ಬರೆದೆ. ಬಹಿಷ್ಕಾರದ ಗದ್ದಲ ನಮಗೆ ನಾವೇ ಮೋಸ ಮಾಡಿಕೊಳ್ಳುವ ಆಟ ಎಂದು ಬರೆದೆ. ಮದ್ದುಗುಂಡು ನಾವೇ ಮಾಡುತ್ತೇವೆ ಎಂದು ಬೀಗುವ ಮೊದಲು, ಅದನ್ನು ಮಾಡುವ ಯಂತ್ರವನ್ನು ಯಾರು ಮಾಡುತ್ತಾರೆ ಎಂದು ಕೇಳಿಕೊಳ್ಳಬೇಕು ಎಂದು ಬರೆದೆ. ಕಿತ್ತ ಫಲಕಗಳ ಕತೆಯನ್ನು ಹೆಸರಿಲ್ಲದೆ ಹೇಳಿದೆ. ಗಡಿಯಲ್ಲಿ ಮೊದಲು ಗಸ್ತು ಹೋಗುತ್ತಿದ್ದ ಕೆಲವು ಜಾಗಗಳಿಗೆ ಈಗ ಹೋಗಲಾಗುತ್ತಿಲ್ಲವಾದರೆ ಅದನ್ನು ಜನರಿಗೆ ತಿಳಿಸಿ, ಮಾತುಕತೆಗೆ ಕೂರಬೇಕು ಎಂದೂ ಸೇರಿಸಿದೆ. ಆ ಕೊನೆಯ ಪ್ಯಾರಾ ಬೇಡ ಎಂದು ಸಂಪಾದಕರು ಫೋನು ಮಾಡಿದರು. ಅದಿಲ್ಲದಿದ್ದರೆ ಲೇಖನವೇ ಬೇಡ ಎಂದೆ. ಹಾಕಿದರು.

ಮೂರನೆಯ ದಿನ ಟೀವಿ ಚರ್ಚೆಗೆ ಕರೆದರು. ಅಹಮದಾಬಾದಿನ ಸ್ಟುಡಿಯೋದಲ್ಲಿ ನನ್ನೊಬ್ಬಳನ್ನೇ ಕೂರಿಸಿ, ಉಳಿದ ಆರು ಮಂದಿ ದೆಹಲಿಯಿಂದ ನನ್ನ ಮೇಲೆ ಎರಗಿದರು. ಆ ಕಾರ್ಖಾನೆ ಇರುವುದೇ ಸುಳ್ಳು, ಇದ್ದರೆ ಹೆಸರು ಹೇಳಿ ಎಂದು ನಿರೂಪಕ ಮತ್ತೆ ಮತ್ತೆ ಕೇಳಿದ. ಫೋನು ನನ್ನ ತೊಡೆಯ ಮೇಲಿತ್ತು. ಫೋಟೋ ಅದರಲ್ಲಿತ್ತು. ಫಲಕಗಳ ಹಿಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಕಾರ್ಖಾನೆಯ ಹೆಸರು ಓದುವಷ್ಟು ಸ್ಪಷ್ಟವಾಗಿತ್ತು. ಪರದೆಗೆ ಹಿಡಿದಿದ್ದರೆ ಅವನ ಬಾಯಿ ಆ ಕ್ಷಣವೇ ಮುಚ್ಚುತ್ತಿತ್ತು. ಹೆಬ್ಬೆರಳು ಫೋಟೋದ ಮೇಲೆ ಹೋಗಿತ್ತು ಕೂಡ. ಸುಳ್ಳು ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ ಎಂಬುದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಸೊಕ್ಕು. ಇವನು ಕೇಳಿದ ಮಾತ್ರಕ್ಕೆ ನಾನು ಯಾಕೆ ಕೊಡಬೇಕು ಎಂಬ ಸೊಕ್ಕು. ಹೇಳುವುದಿಲ್ಲ ಎಂದೆ. ದೇಶದ್ರೋಹಿ ಎಂಬ ಪದವನ್ನು ಅಂದು ಮೊದಲ ಸಲ ನನ್ನ ಮುಖದ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಓದಿದೆ.

ಮರುದಿನ ನಮ್ಮ ನಿರ್ದೇಶಕರು ಕರೆಸಿದರು. ಒಳ್ಳೆಯ ಮನುಷ್ಯ, ನನ್ನನ್ನು ಕೆಲಸಕ್ಕೆ ತಂದವರೇ ಅವರು. ಆಡಳಿತ ಮಂಡಳಿಯಿಂದ ಒತ್ತಡವಿದೆ ಎಂದರು. ಎರಡು ದಾರಿ ತೋರಿಸಿದರು. ಕಾರ್ಖಾನೆಯ ಹೆಸರನ್ನು ಮಂಡಳಿಗೆ ಗುಟ್ಟಾಗಿಯಾದರೂ ತಿಳಿಸುವುದು, ಇಲ್ಲವೇ ಲೇಖನ ವಾಪಸು ಪಡೆದು ವಿಷಾದ ವ್ಯಕ್ತಪಡಿಸುವುದು. ಹದಿನೈದು ದಿನ ಸಮಯ ಕೊಟ್ಟರು. ಹದಿನೈದು ದಿನ ಬೇಕಾಗಿಲ್ಲ ಎಂದು ಎದ್ದೆ. ಆದರೂ ತಗೊಳ್ಳಿ ಎಂದು ಕೈಮುಗಿದರು.

ಆ ದಿನಗಳಲ್ಲೇ ಇನ್ನೊಂದು ಫಜೀತಿಯಾಯಿತು. ಅಹಮದಾಬಾದಿನಲ್ಲೇ ಇರುವ ಫಿರಂಗಿ ದಳದ ನಿವೃತ್ತ ಬ್ರಿಗೇಡಿಯರ್ ಒಬ್ಬರು ನನಗೆ ನೇರವಾಗಿ ಫೋನು ಮಾಡಿದರು. ಲೇಖನದಲ್ಲಿ ಒಂದು ಫಿರಂಗಿಯ ನಳಿಗೆ ಹೊರಗಿನಿಂದ ಬರುತ್ತದೆ ಎಂದು ಬರೆದಿದ್ದೆ. ಅದು ತಪ್ಪು, ಬಹಳ ಕಾಲದಿಂದ ಇಲ್ಲೇ ಆಗುತ್ತಿದೆ, ನಾನೇ ನಿಂತು ಪರೀಕ್ಷೆ ಮಾಡಿಸಿದ್ದೇನೆ ಎಂದರು. ವಿಚಾರಿಸಿದೆ. ಅವರು ಹೇಳಿದ್ದೇ ಸರಿ. ಹಳೆಯ ಟಿಪ್ಪಣಿಯೊಂದನ್ನು ನಂಬಿ ಬರೆದುಬಿಟ್ಟಿದ್ದೆ. ಈ ಗಲಾಟೆ ತಣ್ಣಗಾಗುವವರೆಗೆ ಸುಮ್ಮನಿರು ಎಂದು ಸಹೋದ್ಯೋಗಿಗಳು ಹೇಳಿದರು. ಉಕ್ಕಿನ ಪಾತ್ರೆಯೊಳಗೆ ತೆವಳಿ ಬೇರೆಯವರ ಬೆಸುಗೆಯ ಬಿರುಕು ಹುಡುಕಿ ಬದುಕಿದವಳು, ನನ್ನದರಲ್ಲಿ ಬಿರುಕು ಕಂಡ ಮೇಲೆ ಬಣ್ಣ ಬಳಿಯಲಾರೆ. ತಪ್ಪಾಗಿದೆ, ಸರಿಯಾದದ್ದು ಇದು ಎಂದು ಮರುದಿನದ ಪತ್ರಿಕೆಯಲ್ಲೇ ತಿದ್ದುಪಡಿ ಹಾಕಿಸಿದೆ. ನಿರೀಕ್ಷಿಸಿದಂತೆಯೇ ಸಂಜೆ ಟೀವಿಯಲ್ಲಿ ‘ಸುಳ್ಳು ಒಪ್ಪಿಕೊಂಡ ವಿಶ್ಲೇಷಕಿ’ ಎಂದು ಬಂತು. ಬ್ರಿಗೇಡಿಯರ್ ಮತ್ತೆ ಫೋನು ಮಾಡಿದರು. ಉಳಿದ ವಿಷಯದಲ್ಲಿ ನಿಮ್ಮ ಜೊತೆ ನನ್ನ ಜಗಳ ಇದ್ದೇ ಇದೆ, ಆದರೆ ಆ ಚಾನೆಲ್ಲಿನವರು ಕರೆದರೆ ನಾನು ಹೋಗುವುದಿಲ್ಲ ಎಂದು ತಿಳಿಸಿದ್ದೇನೆ ಎಂದರು. ಆ ವಾರ ನನಗೆ ಬಂದ ಒಂದೇ ಒಳ್ಳೆಯ ಫೋನು ಅದು, ಅದೂ ನನ್ನನ್ನು ಒಪ್ಪದವರಿಂದ.

ಇಷ್ಟೂ ನನ್ನ ಮೇಲೆ ಬಂದದ್ದು. ಅಪ್ಪನ ಮೇಲೆ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ, ಹದಿನೈದು ಇಪ್ಪತ್ತು ಜನ ಹೋಟೆಲಿಗೆ ಬಂದು ಎಲ್ಲ ಮೇಜುಗಳನ್ನೂ ಹಿಡಿದು ಕೂತರಂತೆ. ಯಾರೂ ಏನನ್ನೂ ತರಿಸಲಿಲ್ಲ. ಮಗಳ ಮಾತಿಗೂ ನಮಗೂ ಸಂಬಂಧವಿಲ್ಲ ಎಂದು ಗುಜರಾತಿಯಲ್ಲಿ ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಬೇಕು, ಅಲ್ಲಿಯವರೆಗೆ ಏಳುವುದಿಲ್ಲ ಎಂದರು. ಅಪ್ಪನಿಗೆ ಎಂಬತ್ತರ ಹತ್ತಿರ. ಅವರು ಗಲ್ಲಾದಿಂದ ಎದ್ದು ಒಳಗೆ ಹೋಗಿ ನನ್ನ ಲೇಖನ ಇದ್ದ ಪತ್ರಿಕೆ ತಂದರಂತೆ. ಇದರಲ್ಲಿ ಯಾವ ಸಾಲು ತಪ್ಪು, ಬೆರಳಿಟ್ಟು ತೋರಿಸಿ, ಆ ಸಾಲನ್ನೇ ಬೋರ್ಡಿನ ಮೇಲೆ ಬರೆಸುತ್ತೇನೆ ಎಂದರಂತೆ. ಬಂದವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಒಬ್ಬ ಇಂಗ್ಲಿಷ್ ಬಲ್ಲವನು ಓದಲು ಶುರುಮಾಡಿದ. ಉದ್ದದ ಲೇಖನ. ಉಳಿದವರು ಕಾದರು. ಕಾಯುತ್ತಾ ಕಾಯುತ್ತಾ ಇಬ್ಬರು ಚಹಾ ತರಿಸಿದರು. ಓದಿದವನು ಕೊನೆಗೆ ನಳಿಗೆಯ ಸಾಲು ತೋರಿಸಿದ. ಅದನ್ನು ಅವಳೇ ತಿದ್ದಿದ್ದಾಳೆ ಎಂದು ಅಪ್ಪ ತಿದ್ದುಪಡಿ ಬಂದಿದ್ದ ಪತ್ರಿಕೆಯನ್ನೂ ಅವನ ಕೈಗಿಟ್ಟರು. ಬೋರ್ಡು ಇಲ್ಲದೆಯೇ ಅವರು ಎದ್ದು ಹೋದರು. ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ದೋಸೆ ಭಟ್ಟರು. ಅಪ್ಪ ಉಸಿರೆತ್ತಿರಲಿಲ್ಲ.

ಆಮೇಲೆ ಒಂದಷ್ಟು ದಿನ ಗಿರಾಕಿಗಳು ಕಡಿಮೆಯಾದರು. ವಾಯುಪಡೆಯ ಹುಡುಗರು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ.

ಭಟ್ಟರು ಫೋನಿನಲ್ಲಿ ಹೇಳಿದ ದಿನವೇ ನಾನು ವಡೋದರಾಕ್ಕೆ ಓಡಿ ಬಂದೆ. ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಹೋಟೆಲಿನ ಟೀವಿಯಲ್ಲಿ ಸೂರತ್ತಿನ ವ್ಯಾಪಾರಿಗಳ ಸಭೆಯ ಸುದ್ದಿ ಬರುತ್ತಿತ್ತು. ವೇದಿಕೆಯಲ್ಲಿ ಮೈಕಿನ ಮುಂದೆ ನಿಂತಿದ್ದವರು ಕತಾರ್‌ಗಾಮ್‌ನ ಆ ಮಾಲೀಕರು. ಈ ಹೆಂಗಸು ನಮ್ಮ ಊರಿನ ಮರ್ಯಾದೆ ತೆಗೆದಿದ್ದಾಳೆ, ನಮ್ಮಲ್ಲಿ ಯಾರೂ ಫಲಕ ಕಿತ್ತಿಲ್ಲ, ಎಲ್ಲ ಕಟ್ಟುಕತೆ ಎಂದು ಹೇಳುತ್ತಿದ್ದರು. ಮೃದು ದನಿ ಅದೇ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಪ್ಪ ನನ್ನ ಮುಖ ನೋಡಿದರು, ಟೀವಿ ನೋಡಿದರು.

“ಈ ಜನ ಗೊತ್ತುಂಟಾ ನಿನಗೆ?”

ನಾನು ಎದ್ದು ಟೀವಿ ಆರಿಸಿದೆ.

“ಗೊತ್ತಿದ್ರೂ ನನ್ಹತ್ರ ಹೇಳ್ಬೇಡ,” ಎಂದರು ಅಪ್ಪ. “ನಾಳೆ ಅವ್ರು ಪುನಃ ಬಂದು ಕೂತ್ರೆ ನನ್ನ ಬಾಯಿಂದ ಬಂದುಬಿಡ್ತದೆ. ಗೊತ್ತಿಲ್ಲದ್ದು ಬರ್ಲಿಕ್ಕಿಲ್ಲ.”

“ಹೇಳಿದ್ರೆ ಇವತ್ತೇ ಎಲ್ಲ ಮುಗಿತದೆ ಅಪ್ಪ. ನಿಮ್ಮ ಹೋಟ್ಲು, ನನ್ನ ಕೆಲ್ಸ. ಫೋಟೋ ಉಂಟು ನನ್ನತ್ರ.”

“ನೀನು ಬರ್ದದ್ದು ಸುಳ್ಳಾ?”

“ಅಲ್ಲ.”

“ಮತ್ತೆ ಎಂತಕ್ಕೆ ಇನ್ನೊಬ್ರನ್ನು ಎಳ್ದು ಮುಂದೆ ನಿಲ್ಲಿಸುದು? ನೀನೇ ನಿಲ್ಲು ಮಾರಾಯ್ತಿ. ಊಟ ಮಾಡು.”

ಊಟ ಮುಗಿಸಿದೆ. ಆದರೆ ಸಿಟ್ಟು ಇಳಿದಿರಲಿಲ್ಲ. ಬೇಸಿನ್ನಿನ ಪಕ್ಕದ ಮೇಜಿಗೆ ಹೋಗಿ ಕೂತು, ಫೋಟೋ ಲಗತ್ತಿಸಿ ಸಂಪಾದಕರಿಗೆ ಮೇಲ್ ಸಿದ್ಧಪಡಿಸಿದೆ. ನನ್ನನ್ನು ಸುಳ್ಳಿ ಎಂದ ಮನುಷ್ಯನನ್ನು ನಾನು ಯಾಕೆ ಕಾಯಬೇಕು? ಮಾತು ಮುರಿದದ್ದು ಅವರೇ ಅಲ್ಲವೇ? ಹೀಗೆ ನನ್ನೊಳಗೆ ವಾದ ಮಾಡಿದೆ. ಆಮೇಲೆ ನೆನಪಾಯಿತು, ಅವರು ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಕೊಟ್ಟವಳು ನಾನೊಬ್ಬಳೇ. ಮೇಲ್ ಅಳಿಸಿದೆ. ಫೋಟೋ ಅಳಿಸಲಿಲ್ಲ. ಅದು ಸತ್ಯ, ಅದು ನನ್ನ ಬಳಿ ಇರಬೇಕು.

ಗಡುವು ಮುಗಿಯುವ ದಿನ ನಿರ್ದೇಶಕರ ಕೋಣೆಗೆ ಹೋದೆ. ವಿಷಾದದ ಪತ್ರವನ್ನು ಅವರೇ ಟೈಪು ಮಾಡಿಸಿಟ್ಟಿದ್ದರು, ಸಹಿಯೊಂದೇ ಬಾಕಿ.

“ಬೆನ್, ಎರಡೇ ಸಾಲು. ಆರು ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ.”

“ನಾನು ಮರೆಯುವುದಿಲ್ಲವಲ್ಲ ಸರ್,” ಎಂದೆ. “ನಾಳೆ ತರಗತಿಯಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ರಾಜೀನಾಮೆ ಮಾತ್ರ ಕೊಡುವುದಿಲ್ಲ. ನೀವೇ ತೆಗೆಯಿರಿ. ಕಾರಣವನ್ನು ಕಾಗದದಲ್ಲಿ ಬರೆದು ಕೊಡಿ.”

ಕಾರಣ ಬರೆದುಕೊಡಲು ಮಂಡಳಿಗೆ ಧೈರ್ಯ ಬರಲಿಲ್ಲ. ಗುತ್ತಿಗೆ ನವೀಕರಿಸುವುದಿಲ್ಲ ಎಂಬ ಒಂದು ಸಾಲಿನ ಪತ್ರ ಬಂತು. ಕೊನೆಯ ತರಗತಿಯಲ್ಲಿ ಅದೇ ಲೇಖನವನ್ನು ಪಾಠವಾಗಿ ಇಟ್ಟೆ. ಇದನ್ನು ಹರಿದು ಚಿಂದಿ ಮಾಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಮಾಡಿದರು. ಮಾತುಕತೆಯ ಪ್ಯಾರಾದಲ್ಲಿ ನನ್ನ ವಾದ ತೆಳುವಾಗಿದೆ ಎಂದು ಸೇನೆಯಿಂದ ಬಂದಿದ್ದ ಹುಡುಗಿಯೊಬ್ಬಳು ತೋರಿಸಿಕೊಟ್ಟಳು. ಅವಳ ಜೊತೆ ಒಂದು ಗಂಟೆ ಜಗಳವಾಡಿದೆ. ಆ ಸಂಸ್ಥೆಯಲ್ಲಿ ನಾನು ಕಳೆದ ಅತ್ಯಂತ ಸಂತೋಷದ ಗಂಟೆ ಅದು.

ಮಂಜಲ್‌ಪುರಕ್ಕೆ ವಾಪಸಾದೆ. ಮನೆಯ ಮಹಡಿಯ ಕೋಣೆಯಲ್ಲಿ ಕೂತು ಸ್ವಂತ ಪತ್ರವೊಂದನ್ನು ಶುರುಮಾಡಿದೆ. ವಾರಕ್ಕೊಮ್ಮೆ ಮೇಲ್‌ನಲ್ಲಿ ಹೋಗುತ್ತದೆ, ಚಂದಾ ಕೊಟ್ಟವರಿಗೆ. ಒಂದೊಂದು ವಾರ ಒಂದೊಂದು ಯಂತ್ರ, ಅದರ ಭಾಗಗಳು ಎಲ್ಲಿಂದ ಬರುತ್ತವೆ ಎಂಬ ವಿವರ. ಮೊದಲ ಚಂದಾದಾರರು ಬ್ರಿಗೇಡಿಯರ್. ಪ್ರತಿ ವಾರ ಒಂದು ತಪ್ಪಾದರೂ ಹುಡುಕಿ ಕಳಿಸುತ್ತಾರೆ. ಬೈಗುಳವೂ ಬರುತ್ತದೆ. ಓದಿ ಬೈಯುವವರಿಗೆ ಉತ್ತರ ಬರೆಯುತ್ತೇನೆ. ಓದದೆ ಬೈಯುವವರಿಗೆ ಲೇಖನದ ಕೊಂಡಿ ಕಳಿಸುತ್ತೇನೆ. ಅಪ್ಪನಿಂದ ಕಲಿತದ್ದು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಕತಾರ್‌ಗಾಮ್‌ನ ಮಾಲೀಕರು ಹೋಟೆಲಿಗೆ ಬಂದರು, ಹೆಂಡತಿಯ ಜೊತೆ. ಇಡ್ಲಿ ತಿಂದರು. ನಾನು ಎದುರು ಹೋಗಿ ಕೂತೆ. ಸಭೆಗೆ ಬಂದು ಮಾತಾಡು, ಇಲ್ಲವಾದರೆ ನಿನ್ನ ಮೇಲೇ ಅನುಮಾನ ಬರುತ್ತದೆ ಎಂದು ವ್ಯಾಪಾರಿಗಳು ಒತ್ತಾಯ ಮಾಡಿದ್ದರಂತೆ. ನೀವು ಮರುದಿನವೇ ಫೋಟೋ ಹಾಕುತ್ತೀರಿ ಎಂದುಕೊಂಡು ಒಂದು ವಾರ ಕಾರ್ಖಾನೆಗೆ ಬೀಗ ಹಾಕಿ ಊರಿಗೆ ಹೋಗಿದ್ದೆ ಎಂದರು.

“ಈಗ ಹೆದರಿಕೆ ಇಲ್ಲ ಬೆನ್. ಬೇಕಾದರೆ ನನ್ನ ಹೆಸರು ಹಾಕಿ ಬರೆಯಿರಿ. ನಿಮ್ಮ ಮೇಲಿನ ಅಪವಾದ ಹೋಗಲಿ.”

“ಅಪವಾದ ನನ್ನದು, ನಾನು ನೋಡಿಕೊಳ್ಳುತ್ತೇನೆ,” ಎಂದೆ. “ನಿಂತುಹೋಗಿದ್ದ ಆ ಎರಡು ಯಂತ್ರಗಳು ಏನಾದವು, ಅದನ್ನು ಹೇಳಿ.”

ಅವರ ಮುಖ ಅರಳಿತು. ಸೂರತ್ತಿನ ಇಬ್ಬರು ಹುಡುಗಿಯರು, ಎಲೆಕ್ಟ್ರಾನಿಕ್ಸ್ ಓದಿದವರು, ಯಂತ್ರ ನಡೆಸುವ ಹಳೆಯ ಎಲೆಕ್ಟ್ರಾನಿಕ್ ಕಾರ್ಡು ಕಿತ್ತು ತಾವೇ ಹೊಸದು ಮಾಡಿ ಕೂರಿಸಿದ್ದಾರಂತೆ. ಒಂದು ಓಡುತ್ತಿದೆ, ಇನ್ನೊಂದು ಆಗಾಗ ನಿಲ್ಲುತ್ತದೆ. ನನಗೆ ಹಳೆಯ ಸಿಟ್ಟೆಲ್ಲ ಮರೆತುಹೋಯಿತು. ಆ ಹುಡುಗಿಯರ ಫೋನ್ ನಂಬರ್ ಇಸಿದುಕೊಂಡೆ. ಮುಂದಿನ ವಾರವೇ ಹೋಗಿ ನೋಡಿ, ಅವರ ಒಪ್ಪಿಗೆಯಿಂದ ಅವರ ಹೆಸರು ಹಾಕಿಯೇ ಬರೆದೆ.

ಕಳೆದ ಚಳಿಗಾಲದಲ್ಲಿ ಅಹಮದಾಬಾದಿನ ಅದೇ ಸಂಸ್ಥೆಯಿಂದ ಕರೆ ಬಂತು. ನಿರ್ದೇಶಕರು ಬದಲಾಗಿದ್ದರು. ಭಾಷಣ ಕೊಡಬೇಕು, ಆದರೆ ಗಡಿಯ ವಿಷಯ ಬೇಡ ಎಂದು ಪತ್ರದಲ್ಲಿತ್ತು. ಗಡಿಯ ವಿಷಯವನ್ನೇ ಮಾತಾಡುತ್ತೇನೆ, ಬೇಡವಾದರೆ ಕರೆಯಬೇಡಿ ಎಂದು ಉತ್ತರಿಸಿದೆ. ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಬನ್ನಿ ಎಂದರು. ಸಭಾಂಗಣ ತುಂಬಿತ್ತು. ಗಸ್ತಿನ ಜಾಗಗಳ ಮಾತು ಬಂದಾಗ ಎಡಗಡೆಯ ಮೂರು ಸಾಲು ಒಟ್ಟಿಗೆ ಎದ್ದು, ಘೋಷಣೆ ಕೂಗುತ್ತಾ ಹೊರಗೆ ಹೋಯಿತು. ಅವರ ಚಪ್ಪಲಿ ಸದ್ದು ನಿಲ್ಲುವವರೆಗೆ ಕಾದೆ. ಖಾಲಿಯಾದ ಕುರ್ಚಿಗಳಿಗೆ ಹಿಂದೆ ನಿಂತಿದ್ದವರನ್ನು ಕರೆದು ಕೂರಿಸಿದೆ. ಎಲ್ಲಿಗೆ ಬಂದಿದ್ದೆವು ಎಂದು ಕೇಳಿದೆ. ಮುಂದಿನ ಸಾಲಿನ ಒಬ್ಬಳು ನಾನು ಬಿಟ್ಟ ವಾಕ್ಯವನ್ನು ತನ್ನ ನೋಟ್‌ಬುಕ್ಕಿನಿಂದ ಓದಿ ಹೇಳಿದಳು. ಅಲ್ಲಿಂದ ಮುಂದುವರಿಸಿದೆ.